ಹೊಲದಲ್ಲಿ ಬಲೆ ಕಂಡರೆ ಮೊದಲು ಫೋನು, ಉಳಿದದ್ದು ಆಮೇಲೆ

ಹಿಂಗಾರಿ ಜೋಳ ಹಾಲುಗಾಳಿಗೆ ಬಂತೆಂದರೆ ನಮ್ಮ ಬೆಳಗಾವಿ ಕಡೆ ಒಂದೇ ಬಗೆಯ ದೂರು ಶುರುವಾಗುತ್ತದೆ. ನಸುಕಿನಲ್ಲಿ ಯಾರೋ ಬೈಕಿನಲ್ಲಿ ಬಂದರು, ಬದುವಿನ ಗುಂಟ ಬಲೆ ಕಟ್ಟಿದರು, ಲಾವಿಗೆ, ಕೌಜುಗ ಚೀಲಕ್ಕೆ ತುಂಬಿಕೊಂಡು ಹೋದರು. ಈ ಸುದ್ದಿ ನಮ್ಮ ಕಚೇರಿಗೆ ಮುಟ್ಟುವುದು ಎರಡು ದಿನ ತಡವಾಗಿ, ಅದೂ ಬೇರೆ ಯಾವುದೋ ಮಾತಿನ ನಡುವೆ. ಅಷ್ಟೊತ್ತಿಗೆ ಹಕ್ಕಿ ಯಾರದೋ ಊಟದ ತಟ್ಟೆ ಸೇರಿರುತ್ತದೆ. ಕಾಗವಾಡದಿಂದ ಮೀರಜ, ನಿಪ್ಪಾಣಿಯಿಂದ ಕಾಗಲ ಎಷ್ಟು ದೂರ? ಬೈಕಿನವನು ಚಹಾ ಆರುವುದರೊಳಗೆ ಮಹಾರಾಷ್ಟ್ರದ ಗಡಿ ದಾಟಿರುತ್ತಾನೆ.

ರೈತರಿಗೆ ಕೇಳಿದರೆ ಉತ್ತರ ಸಿದ್ಧ: "ಹೋಗ್ಲಿ ಬಿಡ್ರಿ ಸಾಹೇಬ್ರ, ತೆನಿ ತಿನ್ನೂದರ ತಪ್ತೈತಿ." ಈ ಮಾತು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಇದೇ ರೈತರು ಕಡಲೆ ಹೊಲಕ್ಕೆ ಚುರುಮುರಿ ಎರಚಿ, ಕಾಯಿಕೊರಕ ತಿನ್ನಲೆಂದು ಹಕ್ಕಿ ಕರೆಯುತ್ತಾರೆ. ಎಕರೆಗೆ 20 ಕವಲು ಕೋಲು ನೆಡಿ ಎಂದರೆ ನೆಡುತ್ತಾರೆ. ಕೋಲಿನ ಮೇಲೆ ಬಂದು ಕೂಡುವ ಕಾಜಾಣ, ಗೊರವಂಕಗಳಿಗೂ ಬಲೆ ಕಟ್ಟಿದವನಿಗೂ ಒಂದೇ ಹೊಲದಲ್ಲಿ ಜಾಗ ಕೊಟ್ಟರೆ ಉಳಿಯುವುದು ಹುಳು ಮಾತ್ರ. ಬಲೆಗೆ ಗುಬ್ಬಿ ಯಾವುದು, ಕಾಜಾಣ ಯಾವುದು ಎಂಬುದು ಗೊತ್ತಿಲ್ಲ. ಕಬ್ಬಿನಲ್ಲಿ ಇಲಿ ಕಾಟ ಎಂದು ಪಾಷಾಣದ ಲೆಕ್ಕ ಕೇಳಲು ಬರುವವರು, ದೀಪಾವಳಿಯ ಹೊತ್ತಿಗೆ ಮಾಟದ ಹೆಸರಿನಲ್ಲಿ ಗೂಗಿ ಹಿಡಿಯುವವರನ್ನು ಕಂಡೂ ಸುಮ್ಮನಿರುತ್ತಾರೆ. ಇಲಿ ಹಿಡಿಯಲು ಗೂಗಿಯಂಥ ಆಳು ಬೇರೆ ಉಂಟೇ?

ಬಲೆ ಗುರುತಿಸುವುದು ಕಷ್ಟವಲ್ಲ. ಕೌಜುಗಕ್ಕೆ ಬಂದವನ ಕೈಯಲ್ಲಿ ಬಟ್ಟೆ ಮುಚ್ಚಿದ ಸಣ್ಣ ಪಂಜರ ಇರುತ್ತದೆ. ಒಳಗೆ ದೀಮದ ಹಕ್ಕಿ. ಅದು ಕೂಗಿದರೆ ಸುತ್ತಲಿನ ಗಂಡುಗಳು ಜಗಳಕ್ಕೆ ಓಡಿ ಬಂದು ಉರುಲಿಗೆ ಬೀಳುತ್ತವೆ. ಲಾವಿಗೆ ಹಿಡಿಯುವವರು ಈಗ ಮೊಬೈಲಿನ ಧ್ವನಿಯನ್ನು ಸ್ಪೀಕರಿಗೆ ಹಾಕಿ ರಾತ್ರಿಯೆಲ್ಲ ಕೂಗಿಸುತ್ತಾರೆ. ಹೊಲದ ನಡುವೆ ರಾತ್ರಿ ಒಂದೇ ಲಯದಲ್ಲಿ, ನಿಲ್ಲದೆ ಹಕ್ಕಿ ಕೂಗುತ್ತಿದ್ದರೆ ಬೆಳಗಾಗುವುದನ್ನು ಕಾಯಬೇಡಿ.

ಇನ್ನು ಎಲ್ಲರೂ ಮಾಡುವ ತಪ್ಪಿಗೆ ಬರುತ್ತೇನೆ. ಬಲೆ ಕಂಡ ಕೂಡಲೆ ನಾಲ್ಕು ಹುಡುಗರು ಸೇರುತ್ತಾರೆ. ಬಲೆ ಹರಿಯುತ್ತಾರೆ, ಹಕ್ಕಿ ಬಿಡುತ್ತಾರೆ, ಹಿಡಿದವನಿಗೆ ಎರಡೇಟು ಹಾಕುತ್ತಾರೆ, ವಿಡಿಯೋ ವಾಟ್ಸ್ಯಾಪಿಗೆ ಏರಿಸುತ್ತಾರೆ. ಆಮೇಲೆ ಅರಣ್ಯ ಇಲಾಖೆಗೆ ಫೋನು. ಸಿಬ್ಬಂದಿ ಬಂದು ಏನನ್ನು ಪಂಚನಾಮೆ ಮಾಡಬೇಕು? ಹಕ್ಕಿ ಇಲ್ಲ, ಬಲೆ ಚೂರು, ಆರೋಪಿ ಪರಾರಿ. ಹೊಡೆದ ಹುಡುಗರ ಮೇಲೆಯೇ ಉಲ್ಟಾ ಕೇಸು. ದಯವಿಟ್ಟು ಬಲೆ ಮುಟ್ಟಬೇಡಿ, ಮನುಷ್ಯನನ್ನಂತೂ ಮುಟ್ಟಲೇಬೇಡಿ. ದೂರದಿಂದ ಫೋಟೋ ತೆಗೆಯಿರಿ, ಬೈಕಿನ ನಂಬರು ಬರೆದುಕೊಳ್ಳಿ, ಮರೆಗೆ ಬಂದು ಫೋನು ಮಾಡಿ. "ಇವು ಫಾರ್ಮಿನ ಹಕ್ಕಿ" ಎಂದು ಅವನು ಹೇಳಿದರೆ ವಾದಕ್ಕೆ ನಿಲ್ಲಬೇಡಿ, ಅದನ್ನು ಪರೀಕ್ಷಿಸುವುದು ಇಲಾಖೆಯವರ ಕೆಲಸ.

ಅರಣ್ಯ ಸಹಾಯವಾಣಿ 1926. ಜಗಳವಾಗುವ ಭಯ ಇದ್ದರೆ 112. ಮಹಾರಾಷ್ಟ್ರದ ಅರಣ್ಯ ಇಲಾಖೆಯ ಸಹಾಯವಾಣಿಯೂ ಇದೇ 1926, ಆದ್ದರಿಂದ ಗಡಿ ಊರಿನವರು ಬಾಯಿ ತೆರೆದ ಕೂಡಲೆ "ಕರ್ನಾಟಕ, ಬೆಳಗಾವಿ ಜಿಲ್ಲೆ" ಎಂದು ಹೇಳಿ, ಆಮೇಲೆ ತಾಲ್ಲೂಕು, ಊರು. "ನಮ್ಮ ಹೊಲದಾಗ" ಎಂದರೆ ಯಾರಿಗೂ ತಿಳಿಯದು. ಸರ್ವೆ ನಂಬರು, ಕಾಲುವೆ, ಗುಡಿ, ಕಾರ್ಖಾನೆ ರಸ್ತೆ, ಏನಾದರೂ ಗುರುತು ಕೊಡಿ. ಎಷ್ಟು ಜನ, ಯಾವ ಗಾಡಿ, ಯಾವ ಕಡೆ ಮುಖ ಮಾಡಿದೆ, ಹಕ್ಕಿ ಜೀವಂತ ಇವೆಯೋ ಸತ್ತಿವೆಯೋ, ಬಲೆಯೋ ಉರುಲೋ ವಿಷವೋ. ಇಷ್ಟು ಒಂದು ನಿಮಿಷದ ಮಾತು. ನಿಪ್ಪಾಣಿ, ಕಾಗವಾಡ ಹೊಸ ತಾಲ್ಲೂಕುಗಳು. ನಿಮ್ಮ ಊರು ಯಾವ ಅರಣ್ಯ ವಲಯಕ್ಕೆ ಸೇರುತ್ತದೆ ಎಂದು ಇಂದೇ ವಿಚಾರಿಸಿ, ವಲಯ ಅರಣ್ಯಾಧಿಕಾರಿ ಕಚೇರಿಯ ನಂಬರನ್ನು ಮೊಬೈಲಿನಲ್ಲಿ ಹಾಕಿಕೊಳ್ಳಿ.

ಇನ್ನೊಂದು ಮಾತು. ಊರಾಚೆ ಡೇರೆ ಹಾಕಿದವರನ್ನೆಲ್ಲ ಕಳ್ಳರೆಂದು ದೂರುವುದು ನನಗೆ ಸರಿಕಾಣದು. ಕೃತ್ಯ ಕಂಡರೆ ದೂರು ಕೊಡಿ, ಜಾತಿ ನೋಡಿ ಅಲ್ಲ. ಹಿಡಿದ ಹಕ್ಕಿಗೆ ದುಡ್ಡು ಕೊಡುವವರು ನಮ್ಮ ಊರುಗಳ ಒಳಗೇ ಇದ್ದಾರೆ.

ಗೋಕಾಕ ತಾಲ್ಲೂಕಿನ ಘಟಪ್ರಭಾ ಪಕ್ಷಿಧಾಮದೊಳಗೆ ಮಾತ್ರ ಹಕ್ಕಿ ಹಿಡಿಯಬಾರದು ಎಂದು ಕೆಲವರು ತಿಳಿದಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಮ್ಮ ಪಟ್ಟಾ ಜಮೀನಿಗೂ ಅನ್ವಯಿಸುತ್ತದೆ. ಬಲೆ, ಉರುಲು, ವಿಷ ಹಾಕುವುದು, ಮೊಟ್ಟೆ ತೆಗೆಯುವುದು, ಗೂಡು ಕೀಳುವುದು ಎಲ್ಲವೂ ಅದರಲ್ಲಿ ಬೇಟೆಯೇ. ನಮ್ಮ ದೇಶದ ಗಿಳಿಯನ್ನು ಮನೆಯಲ್ಲಿ ಪಂಜರದಲ್ಲಿ ಇಡುವುದೂ ಅಪರಾಧ. ನವಿಲು ಮೊದಲನೆಯ ಅನುಸೂಚಿಯಲ್ಲಿದೆ: 3ರಿಂದ 7 ವರ್ಷ ಸೆರೆ, ಕನಿಷ್ಠ 25,000 ರೂಪಾಯಿ ದಂಡ. ಎರಡನೆಯ ಅನುಸೂಚಿಯ ಹಕ್ಕಿಗಳಿಗೆ 3 ವರ್ಷದವರೆಗೆ ಸೆರೆ ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ಈ ದಂಡದ ಮೊತ್ತ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇದಕ್ಕಿಂತ ಹೆಚ್ಚು ಕಾನೂನು ನಿಮಗೆ ಬೇಕಿಲ್ಲ.

ಬಲೆಗಿಂತ ಕೆಟ್ಟದ್ದು ವಿಷದ ಕಾಳು. 2025ರ ಆಗಸ್ಟಿನಲ್ಲಿ ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಹನುಮಂತಪುರದಲ್ಲಿ 20 ನವಿಲುಗಳು ಹೊಲದಲ್ಲಿ ಸತ್ತು ಬಿದ್ದಿದ್ದವು. ಅರಣ್ಯ ಸಚಿವರು ತನಿಖೆಗೆ ಆದೇಶಿಸಬೇಕಾಯಿತು. ನಮ್ಮಲ್ಲಿ ಆಗುವುದಿಲ್ಲ ಎನ್ನುವ ಧೈರ್ಯ ನನಗಿಲ್ಲ, ಏಕೆಂದರೆ ಹಳೆಯ ಥಿಮೆಟ್ ಡಬ್ಬಿ ಇನ್ನೂ ಕೆಲವರ ಕಣಜದ ಮೂಲೆಯಲ್ಲಿದೆ. ಥಿಮೆಟ್ ಅಂದರೆ ಫೋರೇಟ್ ಕೀಟನಾಶಕ, 2020ರ ಡಿಸೆಂಬರ್ 31ರಿಂದ ನಿಷೇಧ. ಇನ್ನೊಂದು ಕೀಟನಾಶಕವಾದ ಕಾರ್ಬೊಫ್ಯುರಾನ್‌ನ ಹರಳನ್ನು ಹಕ್ಕಿ ಕಾಳೆಂದೋ ಹರಳುಗಲ್ಲೆಂದೋ ನುಂಗುತ್ತದೆ. ಸಣ್ಣ ಹಕ್ಕಿಗೆ ಒಂದೇ ಹರಳು ಸಾಕು. ಇದೇ ಕಾರಣಕ್ಕೆ ಅಮೆರಿಕದಲ್ಲಿ 1990ರ ದಶಕದಲ್ಲೇ ಹರಳಿನ ಬಳಕೆಯನ್ನು ಬಹುಪಾಲು ನಿಲ್ಲಿಸಿದರು. ಆ ವಿಷ ಸತ್ತ ಹಕ್ಕಿಯಿಂದ ನಾಯಿಗೆ ದಾಟುತ್ತದೆ, ಎರಚಿದ ಕಾಳು ನಿಮ್ಮದೇ ಕೋಳಿಗೂ ಸಿಗುತ್ತದೆ. ಗೋವಿನಜೋಳ ಬಿತ್ತುವಾಗ ಬೀಜೋಪಚಾರ ಮಾಡಿದ ಬೀಜ ಬದುವಿನಲ್ಲಿ ಚೆಲ್ಲಿದ್ದರೆ ಮಣ್ಣು ಮುಚ್ಚಿ. 4ರಿಂದ 5 ಸೆಂ.ಮೀ. ಆಳಕ್ಕೆ ಬಿತ್ತಿದರೆ ಹಕ್ಕಿ ಕೆದಕುವುದೂ ಕಡಿಮೆ. ಒಂದೇ ಕಡೆ ಹಲವು ಹಕ್ಕಿ ಸತ್ತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಹೂಳಬೇಡಿ. ಹಕ್ಕಿಜ್ವರವೂ ಆಗಿರಬಹುದು. ನಾಯಿ ಬಾರದಂತೆ ಕಾಯ್ದು ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ಒಟ್ಟಿಗೆ ತಿಳಿಸಿ.

ಹಾಗಾದರೆ ತೆನೆ ಉಳಿಸುವುದು ಹೇಗೆ? ಹೊಳೆಯುವ ರಿಬ್ಬನ್. ಒಂದು ಬದಿ ಕೆಂಪು, ಇನ್ನೊಂದು ಬದಿ ಬೆಳ್ಳಿ ಬಣ್ಣ, ಅರ್ಧ ಇಂಚು ಅಗಲ. ತೆನೆಗಿಂತ ಒಂದರಿಂದ ಒಂದೂವರೆ ಅಡಿ ಮೇಲೆ, 10 ಮೀಟರಿಗೊಂದು ಗೂಟ, 5 ಮೀಟರಿಗೊಂದು ಸಾಲು, ಉತ್ತರ ದಕ್ಷಿಣವಾಗಿ. ಚೌಕಾದ ಎಕರೆಗೆ ಸುಮಾರು 800 ಮೀಟರ್ ಬೇಕು. ಗೂಟದಿಂದ ಗೂಟಕ್ಕೆ ಮೂರು ನಾಲ್ಕು ಸುತ್ತು ತಿರುಚಿ ಕಟ್ಟಿ. ತಿರುಚದಿದ್ದರೆ ಹೊಳೆಯುವುದೂ ಇಲ್ಲ, ಗಾಳಿಗೆ ಗುಂಯ್‌ಗುಡುವುದೂ ಇಲ್ಲ. ಹಲವರು ತೆನೆ ಒಡೆಯುವಾಗಲೇ ಕಟ್ಟಿಬಿಡುತ್ತಾರೆ, ಕಾಳು ಕಟ್ಟುವಷ್ಟರಲ್ಲಿ ಹಕ್ಕಿಗೆ ಅದು ರೂಢಿಯಾಗಿರುತ್ತದೆ. ಹಾಲುಗಾಳಿನ ಮೊದಲ ದಿನ ಕಟ್ಟಿ, ಅದಕ್ಕೆ ಮುಂಚೆ ಬೇಡ. ಗೋವಿನಜೋಳದಲ್ಲಿ ಅಂಚಿನ ಎರಡು ಮೂರು ಸಾಲಿನ ತೆನೆಗಳಿಗೆ ಅವುಗಳ ಗರಿಯನ್ನೇ ಸುತ್ತಿದರೆ ಖರ್ಚಿಲ್ಲದೆ ಕೆಲಸವಾಗುತ್ತದೆ. ಬೆಳೆ ಪರಿಹಾರದ ಅರ್ಜಿಯ ಬಗ್ಗೆ ನಾನು ಇಲ್ಲಿ ಬರೆಯುವುದಿಲ್ಲ; ಆ ಕಾಗದದ ಹಿಂದೆ ಅಲೆಯುವ ಹೊತ್ತಿನಲ್ಲಿ ರಿಬ್ಬನ್ ಕಟ್ಟಿ ಮುಗಿಯುತ್ತದೆ.

ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರರು ಹಂದರಕ್ಕೆ ಕಣ್ಣಿಗೆ ಕಾಣದ ತೆಳು ಮೀನುಬಲೆ ಹೊದಿಸಬೇಡಿ. ದಪ್ಪ ದಾರದ ಬಿಳಿ ಬಲೆ ತಂದು, ಜೋತು ಬೀಳದಂತೆ ಬಿಗಿಯಾಗಿ ಎಳೆದು ಕಟ್ಟಿ, ದಿನಕ್ಕೆ ಎರಡು ಸಲ ನೋಡಿ. ಹಕ್ಕಿ ಸಿಕ್ಕಿದ್ದರೆ ಎಳೆಯಬೇಡಿ, ಕಾಲು ಮುರಿಯುತ್ತದೆ. ಮೇಲೊಂದು ಬಟ್ಟೆ ಹಾಕಿ ಮೆಲ್ಲಗೆ ಹಿಡಿದು, ಸಣ್ಣ ಕತ್ತರಿಯಿಂದ ದಾರವನ್ನು ಒಂದೊಂದಾಗಿ ಕತ್ತರಿಸಿ. ಗಾಯವಿದ್ದರೆ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಕತ್ತಲೆಗೆ ಇಟ್ಟು 1926ಕ್ಕೆ ತಿಳಿಸಿ. ಬಾಯಿಗೆ ನೀರು ಹಾಕಬೇಡಿ, ಉಸಿರುಗಟ್ಟಿ ಸಾಯುತ್ತದೆ. ಕೊಯ್ಲು ಮುಗಿದ ದಿನವೇ ಬಲೆ ಬಿಚ್ಚಿ ಸುತ್ತಿ ಒಳಗಿಡಿ.