ರೇಷ್ಮೆಯ ಹುಳವೂ ಬೂಷ್ಟಿನ ರೋಗವೂ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಇಳಕಲ್ಲ ಸೀರೆಯ ರೇಷ್ಮೆಯ ಸೆರಗನ್ನು ಹೊದ್ದುಕೊಳ್ಳದವರು ವಿರಳ. ಆದರೆ ರೇಷ್ಮೆಯ ಹುಳಕ್ಕೆ ಬರುವ ರೋಗವನ್ನು ಕುರಿತು ಅವರು ಯೋಚಿಸಿರಲಿಕ್ಕಿಲ್ಲ. ಮೈಸೂರು ಸೀಮೆಯ ಬೆಳೆಗಾರರು ಅದನ್ನು ಚೆನ್ನಾಗಿ ಬಲ್ಲರು. ಮಳೆಗಾಲ ಚಳಿಗಾಲಗಳಲ್ಲಿ ಸಾಕಣೆಯ ಮನೆಯಲ್ಲಿ ತೇವ ಹೆಚ್ಚಿದರೆ ಹುಳವು ಮೇವು ಬಿಟ್ಟು ಸಾಯುತ್ತದೆ. ಸೆಟೆದು, ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಇದಕ್ಕೆ ಸುಣ್ಣಕಟ್ಟು ರೋಗವೆಂದೇ ಹೆಸರು. ಆ ಬಿಳುಪು ಸುಣ್ಣದ್ದಲ್ಲ; ಹುಳದ ಒಡಲನ್ನು ತಿಂದು ಹೊರಬಂದ ಶಿಲೀಂಧ್ರದ್ದು, ಎಂದರೆ ಒಂದು ಬಗೆಯ ಬೂಷ್ಟಿನದು.

ಇಟಲಿ ದೇಶದ ಅಗೊಸ್ತಿನೊ ಬಾಸಿ ಎಂಬವನು ಅನೇಕ ವರ್ಷ ಈ ರೋಗದ ಬೆನ್ನು ಹತ್ತಿ, ಇದು ಹುಳದಿಂದ ಹುಳಕ್ಕೆ ಅಂಟುವ ಸಜೀವ ಬೂಷ್ಟಿನಿಂದ ಆಗುವದೆಂದು 1835ರಲ್ಲಿ ಪ್ರಕಟಿಸಿದನು. ಪಾಶ್ಚರನ ಹೆಸರು ಪ್ರಸಿದ್ಧವಾಗುವದಕ್ಕೆ ಎಷ್ಟೋ ಮುಂಚಿನ ಮಾತಿದು. ಬಾಸಿಯ ಶೋಧದಿಂದ ಪ್ರೇರಿತನಾದ ಜರ್ಮನ್ ವೈದ್ಯ ಷೋನ್‌ಲೈನನು ಮನುಷ್ಯರ ತಲೆಯ ಚರ್ಮದ ಒಂದು ರೋಗದಲ್ಲಿಯೂ ಶಿಲೀಂಧ್ರವಿರುವದನ್ನು 1839ರಲ್ಲಿ ತಿಳಿಸಿದನು.

ಇಂದು ಪ್ರಯೋಗಶಾಲೆಗಳಲ್ಲಿ ರೇಷ್ಮೆಯ ಹುಳದೊಡನೆ, ಜೇನುಹುಟ್ಟನ್ನು ಕೆಡಿಸುವ ಮೇಣದ ಪತಂಗದ ಮರಿಹುಳವನ್ನೂ ಈ ಅಭ್ಯಾಸಕ್ಕೆ ಬಳಸುವರು. ಅದು ನಮ್ಮ ಮೈಯ ಕಾವಾದ 37 ಡಿಗ್ರಿ ಸೆಂಟಿಗ್ರೇಡಿನಲ್ಲಿ ಬದುಕಬಲ್ಲುದು. ಹುಳಗಳಿಗೆ ರೋಗಬೀಜವನ್ನು ಅಳತೆಯಿಂದ ಚುಚ್ಚಿ, ಒಂದು ಗುಂಪಿಗೆ ಔಷಧ ಕೊಟ್ಟು, ಇನ್ನೊಂದಕ್ಕೆ ಕೊಡದೆ, ದಿನವೂ ಬದುಕಿದವುಗಳನ್ನು ಎಣಿಸುವರು. ರೋಗವೇರಿದಂತೆ ಕೆನೆಬಣ್ಣದ ಹುಳವು ಕಪ್ಪಾಗುವದು.

ಹಣ್ಣಿನ ಮೇಲೆ ಕೂಡುವ ಸಣ್ಣ ನೊಣದ ಸಂಗತಿ ಇನ್ನೂ ಸ್ವಾರಸ್ಯವಾದದ್ದು. ಟೋಲ್ ಎಂಬ ಜೀನು ಕೆಟ್ಟ ನೊಣಗಳು ಶಿಲೀಂಧ್ರಕ್ಕೆ ಬಲಿಯಾಗುವದನ್ನು ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ಹಾಗೂ ಅವರ ಸಂಗಡಿಗರು 1996ರಲ್ಲಿ ತೋರಿಸಿದರು. ಅದಕ್ಕೆ ಹೋಲುವ ಕಾವಲುಗಾರರು ಮನುಷ್ಯನ ದೇಹದಲ್ಲಿಯೂ ದೊರೆತರು. 2011ರ ನೊಬೆಲ್ ಪಾರಿತೋಷಕದಲ್ಲಿ ಹಾಫ್‌ಮನ್ನರಿಗೆ ಪಾಲು ಬಂದಿತು.

ಆದರೂ ಕೀಟವು ಮನುಷ್ಯನಲ್ಲ. ಅದಕ್ಕೆ ಪುಪ್ಪುಸಗಳಿಲ್ಲ, ನಮ್ಮಂತೆ ಪ್ರತಿಕಾಯಗಳನ್ನು ಹುಟ್ಟಿಸುವ ಶಕ್ತಿಯೂ ಇಲ್ಲ. 2021ರಲ್ಲಿ ಕರೋನಾದ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರವು ನಮ್ಮ ನಾಡಿನಲ್ಲಿ ಎಷ್ಟೋ ಮಧುಮೇಹಿಗಳನ್ನು ಕಾಡಿತು. ಅಂಥ ರೋಗಿಯ ದೇಹಸ್ಥಿತಿಯನ್ನು ಹುಳವು ಪೂರ್ಣವಾಗಿ ತೋರಿಸಲಾರದು. ಆದಕಾರಣ ಇಲಿಗಳ ಮೇಲಿನ ಪರೀಕ್ಷೆ ಇನ್ನೂ ತಪ್ಪಿಲ್ಲ. ಹುಳದಲ್ಲಿಯೇ ನಿಷ್ಫಲವಾದ ಔಷಧಗಳನ್ನು ಕೈಬಿಟ್ಟರೆ ಅಷ್ಟು ಇಲಿಗಳು ಉಳಿದಾವು.

ಈ ಪಾಠ ಹೇಳಿದ ದಿನ ಒಬ್ಬ ಹುಡುಗಿ, "ಅಕ್ಕೋರೇ, ಹುಳಕ್ಕೂ ನೋವಾಗ್ತದಲ್ರೀ?" ಎಂದು ಕೇಳಿದಳು. ಇಲಿಗಳ ಮಾತನ್ನು ಹೇಳಿದೆನು. ಹುಳಕ್ಕೆ ನೋವಿಲ್ಲವೆಂದು ಹೇಳಲು ಮಾತ್ರ ನನಗೆ ನಾಲಿಗೆ ಏಳಲಿಲ್ಲ.