ಹಾಡು ಪುಕ್ಕಟೆ, ಪಯಣ ದುಬಾರಿ

1997ರಲ್ಲಿ ಡೇವಿಡ್ ಬೋವಿ ಮಾಡಿದ ಒಂದು ವ್ಯವಹಾರ ರಾಕ್ ಹುಚ್ಚಿನವರಿಗಿಂತ ಬ್ಯಾಂಕಿನವರಿಗೇ ಹೆಚ್ಚು ಪರಿಚಿತ. ತನ್ನ 25 ಆಲ್ಬಂಗಳಿಂದ ಮುಂದೆ ಬರಲಿದ್ದ ರಾಯಲ್ಟಿಯನ್ನೇ ಆಧಾರವಾಗಿಟ್ಟು, ಹತ್ತು ವರ್ಷದ ಬಾಂಡ್ ಹೊರಡಿಸಿ 5.5 ಕೋಟಿ ಡಾಲರ್ ಎತ್ತಿದ. ಬಡ್ಡಿ ಶೇ 7.9. ಪ್ರುಡೆನ್ಷಿಯಲ್ ವಿಮಾ ಕಂಪನಿ ಅಷ್ಟನ್ನೂ ಕೊಂಡಿತು. ಆಮೇಲೆ ಇಂಟರ್‌ನೆಟ್ಟಿನಲ್ಲಿ ಹಾಡುಗಳು ಬಿಟ್ಟಿ ಸಿಗತೊಡಗಿದವು, ಆಲ್ಬಂ ಮಾರಾಟ ಕುಸಿಯಿತು, 2004ರಲ್ಲಿ ಮೂಡೀಸ್ ಆ ಬಾಂಡಿನ ದರ್ಜೆಯನ್ನು ಇನ್ನೊಂದು ಮೆಟ್ಟಿಲು ಇಳಿದರೆ ಕಸ ಎನ್ನುವಲ್ಲಿಗೆ ತಂದು ನಿಲ್ಲಿಸಿತು. ಬೋವಿಯ ದುಡ್ಡು ಅಷ್ಟರಲ್ಲಿ ಯಾವತ್ತೋ ಅವನ ಕೈ ಸೇರಿತ್ತು. ಸಂಗೀತ ಇನ್ನು ನಲ್ಲಿ ನೀರಿನ ಹಾಗೆ, ಕರೆಂಟಿನ ಹಾಗೆ ಹರಿಯುತ್ತದೆ, ಹಾಡುವವರು ಊರೂರು ಸುತ್ತಲು ತಯಾರಾಗಬೇಕು ಎಂದು 2002ರಲ್ಲೇ ಅವನು ಹೇಳಿದ್ದ. ಪ್ರಿನ್ಸ್‌ಟನ್ನಿನ ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ ಇದಕ್ಕೆ ‘ಬೋವಿ ಸಿದ್ಧಾಂತ’ ಎಂದೇ ಹೆಸರಿಟ್ಟರು.

ಅದರ ಸಾಕ್ಷ್ಯಕ್ಕೆ ನನ್ನ ಖರ್ಚಿನ ಡೈರಿಗಳೇ ಸಾಕು. ತೊಂಬತ್ತರ ದಶಕದಲ್ಲಿ ಹಾಸನದಿಂದ ಬೆಂಗಳೂರಿಗೆ ಓದಲು ಬಂದವನಿಗೆ ಬ್ರಿಗೇಡ್ ರಸ್ತೆಯ ಅಂಗಡಿಯಲ್ಲಿ ಒಂದು ಇಂಗ್ಲಿಷ್ ಕ್ಯಾಸೆಟ್ ಎಂದರೆ ಮೆಸ್ಸಿನಲ್ಲಿ ಹಲವು ದಿನದ ಊಟ. ರೂಮಿನಲ್ಲಿ ಒಬ್ಬ ಕೊಳ್ಳುವುದು, ಉಳಿದವರು ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುವುದು. ಸಂಗೀತದ ಖರ್ಚೆಲ್ಲ ಆಲ್ಬಂಗೇ ಹೋಗುತ್ತಿತ್ತು. ಇವತ್ತು ತಿಂಗಳಿಗೆ ಒಂದೆರಡು ಮಸಾಲೆ ದೋಸೆಯ ದುಡ್ಡಿಗೆ ಇಡೀ ಪ್ರಪಂಚದ ಹಾಡು ಫೋನಿನಲ್ಲಿದೆ. ಉಳಿದ ಹಣ ಎಲ್ಲಿ ಹೋಯಿತು ಎಂದು ನೋಡಿದರೆ ಟಿಕೆಟ್ಟಿಗೆ, ಅದಕ್ಕಿಂತ ಜಾಸ್ತಿ ರೈಲು, ವಿಮಾನ, ಹೋಟೆಲಿಗೆ.

ನಡುವೆ ಕೆಲವು ವರ್ಷ ಬೆಂಗಳೂರಿನವರು ಅದೃಷ್ಟವಂತರಾಗಿದ್ದೆವು. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಮಳೆಯಲ್ಲೇ ಹಾಡಿದರು. 2007ರ ಮಾರ್ಚ್ 17ಕ್ಕೆ ಐರನ್ ಮೇಡನ್ ಬಂತು. ಮೇಖ್ರಿ ಸರ್ಕಲ್‌ನಲ್ಲಿ ಬಸ್ಸಿಳಿದು ಅರಮನೆ ಮೈದಾನಕ್ಕೆ ನಡೆದರಾಯಿತು, ಪ್ರಯಾಣದ ಖರ್ಚು ಚಿಲ್ಲರೆ ಕಾಸು. 2011ರ ಅಕ್ಟೋಬರ್ 28ಕ್ಕೆ ಗುರಗಾಂವ್‌ನಲ್ಲಿ ಆಗಬೇಕಿದ್ದ ಮೆಟಾಲಿಕಾ ಶೋ ಗಲಾಟೆಯಲ್ಲಿ ರದ್ದಾಯಿತು. ಎರಡು ದಿನ ಕಳೆದು ಅದೇ ಬ್ಯಾಂಡ್ ನಮ್ಮೂರಲ್ಲಿ ನುಡಿಸಿತು. ದೂರದ ಊರುಗಳಿಂದ ಗುರಗಾಂವ್‌ಗೆ ಹೋದವರು ಟಿಕೆಟ್ ಹಣವನ್ನಾದರೂ ವಾಪಸ್ ಕೇಳಬಹುದಿತ್ತು, ರೈಲಿನದನ್ನೂ ಲಾಡ್ಜಿನದನ್ನೂ ಯಾರ ಹತ್ತಿರ ಕೇಳುವುದು?

ಈಗ ಆ ಪ್ರಶ್ನೆ ನಮ್ಮದೂ ಹೌದು. 2019ರಲ್ಲಿ ಯು2 ನವಿ ಮುಂಬೈಗೆ, 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ನವಿ ಮುಂಬೈ ಮತ್ತು ಅಹಮದಾಬಾದಿಗೆ, ಅದೇ ವರ್ಷ ಮೇ ತಿಂಗಳಲ್ಲಿ ಗನ್ಸ್ ಎನ್ ರೋಸಸ್ ಮುಂಬೈಗೆ. ಕೋಲ್ಡ್‌ಪ್ಲೇ ಟಿಕೆಟ್‌ನ ಮುದ್ರಿತ ಬೆಲೆ 2,500ರಿಂದ 35,000 ರೂಪಾಯಿವರೆಗೆ ಇತ್ತು, ಬ್ಲ್ಯಾಕಿನಲ್ಲಿ ಲಕ್ಷ ದಾಟಿತು. ಬ್ಲ್ಯಾಕಿನಲ್ಲಿ ಕೊಳ್ಳುವುದು ನನ್ನ ಮಟ್ಟಿಗೆ ನಿಷಿದ್ಧ. ನೀತಿಯ ಮಾತು ಆಮೇಲಿರಲಿ, ಗೇಟಿನಲ್ಲಿ ಆ ಟಿಕೆಟ್ ನಕಲಿ ಎಂದರೆ ಬಸ್ಸು, ರೂಮು ಎಲ್ಲದರ ದುಡ್ಡೂ ಒಟ್ಟಿಗೆ ಮುಳುಗುತ್ತದೆ.

ದೊಡ್ಡ ಲೆಕ್ಕ ಆಮ್‌ಸ್ಟರ್‌ಡಾಮಿನದು. ಮೆಟಾಲಿಕಾ 2023ರ ಏಪ್ರಿಲ್ 27 ಮತ್ತು 29ರಂದು ಯೋಹಾನ್ ಕ್ರೈಫ್ ಅರೇನಾದಲ್ಲಿ ತನ್ನ ಎಂ72 ಪ್ರವಾಸ ಶುರುಮಾಡಿತು. ಎರಡು ರಾತ್ರಿ, ಒಂದು ಹಾಡೂ ಮರುಕಳಿಸುವುದಿಲ್ಲ ಎಂಬ ಕರಾರು. ಅಭಿಮಾನಿಯ ಜೇಬಿಗೆ ಎರಡು ಸಲ ಕೈಹಾಕುವ ಇಷ್ಟು ಸೊಗಸಾದ ಉಪಾಯ ಇನ್ನೊಂದಿಲ್ಲ, ಮತ್ತು ನಾನು ಸಂತೋಷವಾಗಿಯೇ ಕೊಟ್ಟೆ. 27 ಅಲ್ಲಿನ ರಾಜನ ಹುಟ್ಟುಹಬ್ಬ. ಊರಿಗೆ ಊರೇ ಕಿತ್ತಳೆ ಬಣ್ಣ ಉಟ್ಟು ಬೀದಿಗಿಳಿಯುವ ದಿನ, ಹೋಟೆಲಿನ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ನನ್ನ ಚಿಕ್ಕಪ್ಪನ ಮಗ ಐಂಡ್‌ಹೋವನ್‌ನಲ್ಲಿ ಚಿಪ್ ಯಂತ್ರಗಳ ಕಂಪನಿಯಲ್ಲಿದ್ದಾನೆ. ಅವನ ಮನೆಯಲ್ಲಿ ಉಳಿದು, ಅರೇನಾದ ಪಕ್ಕದಲ್ಲೇ ನಿಲ್ಲುವ ರೈಲಿನಲ್ಲಿ ಓಡಾಡಿದ್ದರಿಂದ ಇಡೀ ಪ್ರವಾಸ ಕೈಗೆಟುಕಿತು. “ಅಣ್ಣಾ, ಇಷ್ಟು ದೂರ ಬಂದು ಟ್ಯೂಲಿಪ್ ತೋಟ ನೋಡಲ್ವಾ?” ಎಂದ. ನೋಡಿದೆ, ಅದಕ್ಕೂ ಟಿಕೆಟ್ ಇತ್ತು.

ಸಣ್ಣ ಖರ್ಚುಗಳು ಕಣ್ಣಿಗೆ ಬೀಳುವುದೇ ಇಲ್ಲ. ಶೆಂಗೆನ್ ವೀಸಾಕ್ಕೆ ಆಗ 80 ಯೂರೊ, 2024ರ ಜೂನ್‌ನಿಂದ 90. ಕನಿಷ್ಠ 30,000 ಯೂರೊ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ಶೋಗಿಂತ ಮುಂಚಿನ ಡಿಸೆಂಬರಿನಲ್ಲಿ ಟಿಕೆಟ್ ಮಾರಾಟ ಶುರುವಾದಾಗ ಯೂರೊ ಸುಮಾರು 85 ರೂಪಾಯಿ, ಶೋ ಹೊತ್ತಿಗೆ 90ರ ಆಸುಪಾಸು. ಬಹಳಷ್ಟು ಕ್ರೆಡಿಟ್ ಕಾರ್ಡುಗಳು ವಿದೇಶಿ ಖರ್ಚಿನ ಮೇಲೆ ಶೇ 3.5ರಷ್ಟು ಮಾರ್ಕಪ್ ಹಾಕಿ, ಆ ಮಾರ್ಕಪ್ ಮೇಲೆ ಜಿಎಸ್‌ಟಿಯನ್ನೂ ಸೇರಿಸುತ್ತವೆ. ಅಂಗಡಿಯ ಮೆಷಿನ್ ‘ರೂಪಾಯಿಯಲ್ಲಿ ಕೊಡುತ್ತೀರಾ, ಯೂರೊದಲ್ಲಾ’ ಎಂದು ಕೇಳಿದರೆ ಯೂರೊ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರ ಅವರು ಹೇಳಿದ್ದೇ.

ಇದೆಲ್ಲಕ್ಕೂ ನನ್ನದೊಂದು ಆರ್‌ಡಿ ಇದೆ, ಸಂಬಳ ಬಂದ ವಾರವೇ ಕಂತು ಹೋಗುತ್ತದೆ. ವರ್ಷದೊಳಗೆ ಬೇಕಾಗುವ ದುಡ್ಡನ್ನು ಷೇರು ಫಂಡಿಗೆ ಹಾಕುವುದಿಲ್ಲ. ಸೂಚ್ಯಂಕ ಚೇತರಿಸಿಕೊಳ್ಳಲಿ ಎಂದು ಯಾವ ಬ್ಯಾಂಡೂ ಕಾಯುವುದಿಲ್ಲ. ಎಲ್‌ಪಿ ರೆಕಾರ್ಡ್ ಕೊಳ್ಳುವುದೇ ಹೂಡಿಕೆ ಎನ್ನುವ ಗೆಳೆಯರಿದ್ದಾರೆ. ಅಮೆರಿಕದಲ್ಲಿ 2022ರಲ್ಲಿ, 1987ರ ನಂತರ ಮೊದಲ ಸಲ, ಸಿಡಿಗಿಂತ ಎಲ್‌ಪಿ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದದ್ದು ನಿಜ. ಆದರೆ ಕೊಂಡ ಬೆಲೆಗೆ ವಾಪಸ್ ತೆಗೆದುಕೊಳ್ಳುವ ಅಂಗಡಿ ನನಗಿನ್ನೂ ಸಿಕ್ಕಿಲ್ಲ. ನಾನು ಕೊಳ್ಳುವುದು ಕೇಳಲಿಕ್ಕೆ, ಅದು ಮನರಂಜನೆಯ ಖಾತೆಗೇ ಹೋಗುತ್ತದೆ.

ಮುಂದಿನ ಗುರಿ ಜರ್ಮನಿಯ ವಾಕೆನ್, ಹಳ್ಳಿಯ ಹೊಲಗಳಲ್ಲಿ ನಡೆಯುವ ಮೆಟಲ್ ಜಾತ್ರೆ. 2024ರ ಟಿಕೆಟ್ 333 ಯೂರೊ ಇತ್ತು, ಗಂಟೆಗಳಲ್ಲೇ ಖಾಲಿ. ಅದರ ಹಿಂದಿನ ವರ್ಷ ಮಳೆಗೆ ಹೊಲ ಕೆಸರಾಗಿ, ಇನ್ನೂ ದಾರಿಯಲ್ಲಿದ್ದವರನ್ನು ವಾಪಸ್ ಹೋಗಿ ಎಂದಿದ್ದರು. ಒಂದು ವರ್ಷದ ಉತ್ಸವ ಮುಗಿಯುತ್ತಲೇ ಮುಂದಿನದರ ಟಿಕೆಟ್ ತೆರೆಯುವುದರಿಂದ ಆರ್‌ಡಿಯನ್ನು ಜುಲೈಗೆ ಮುಗಿಯುವಂತೆ ಇಟ್ಟಿದ್ದೇನೆ. ಟಿಕೆಟ್ ಕೈಗೆ ಬಂದ ಮೇಲೆ ವಿಮಾನ, ಅದೂ ದಿನಾಂಕ ಬದಲಿಸಬಹುದಾದದ್ದು, ಸ್ವಲ್ಪ ಹೆಚ್ಚಾದರೂ ಸರಿ. ವಿಮೆಯ ಷರತ್ತುಗಳನ್ನು ಮಾತ್ರ ಕೊಳ್ಳುವ ಮುಂಚೆಯೇ ಓದಬೇಕು: ನನಗೆ ಜ್ವರ ಬಂದರೆ ಹಣ ಕೊಡುವ ಪಾಲಿಸಿಗಳು ಬೇಕಾದಷ್ಟಿವೆ, ಜರ್ಮನಿಯಲ್ಲಿ ಮಳೆ ಬಂದರೆ ಕೊಡುವಂಥದನ್ನು ಹುಡುಕುತ್ತಿದ್ದೇನೆ.