ವ್ರತವೂ ಸಹೋದ್ಯೋಗಿಗಳ ಕಳವಳವೂ

ಅಷ್ಟಮಿ-ಚತುರ್ದಶಿಗಳಂದು ಉಪವಾಸ, ರಾತ್ರಿಭೋಜನತ್ಯಾಗ, ಗೆಡ್ಡೆಗೆಣಸುಗಳ ವರ್ಜನೆ – ಇವನ್ನು ಪಾಲಿಸುವ ಶ್ರಾವಕ-ಶ್ರಾವಿಕೆಯರನ್ನು ಕಚೇರಿಯ ಜೊತೆಗಾರರು, “ಇದು ಊಟವನ್ನು ದೂರವಿಡುವ ಕಾಯಿಲೆಯಲ್ಲವಷ್ಟೆ?” ಎಂದು ಕೇಳುವುದುಂಟು. ಈ ಪ್ರಶ್ನೆ ನಿಂದೆಯಲ್ಲ. ಇದರ ಮೂಲ ಅನುಕಂಪೆ.

ಅಂಥ ಕಾಯಿಲೆ ಇರುವುದು ನಿಜ. ಆಂಗ್ಲ ವೈದ್ಯ ವಿಲಿಯಂ ಗಲ್ 1874ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಅದನ್ನು ‘ಅನೊರೆಕ್ಸಿಯಾ ನರ್ವೋಸಾ’ ಎಂದು ಕರೆದನು. ದಪ್ಪವಾದೇನೆಂಬ ಭಯದಿಂದ ರೋಗಿಯು ಅನ್ನವನ್ನು ತೊರೆಯುವನು. ದೇಹ ಕೃಶವಾದಷ್ಟೂ ಚಿತ್ತವು ದೇಹಕ್ಕೇ ಅಂಟಿಕೊಳ್ಳುವುದು. ತಪಸ್ಸಿನ ಗುರಿಯಾದರೋ ದೇಹಮಮತೆಯ ಕ್ಷಯ.

ತತ್ತ್ವಾರ್ಥಸೂತ್ರವು ಬಾಹ್ಯತಪಸ್ಸುಗಳಲ್ಲಿ ಅನಶನ, ಅವಮೌದರ್ಯಗಳನ್ನು ಮೊದಲು ಎಣಿಸಿದೆ. ಷೋಡಶಭಾವನೆಗಳಲ್ಲಿ ತಪಸ್ಸನ್ನು ಶಕ್ತ್ಯನುಸಾರವೆಂದು ಮಿತಿಗೊಳಿಸಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕಾಲಮಿತಿಯುಳ್ಳದ್ದನ್ನು ನಿಯಮವೆಂದೂ ಯಾವಜ್ಜೀವದ್ದನ್ನು ಯಮವೆಂದೂ ವಿಭಾಗಿಸಿದ್ದಾರೆ. ಪರ್ವದಿನದ ಉಪವಾಸಕ್ಕೆ ಆದಿಯಿದೆ, ಅಂತ್ಯವಿದೆ, ಪಾರಣೆಯಿದೆ. ಜೊತೆಗಾರರಿಗೆ ಇಷ್ಟನ್ನೇ ಶಾಂತವಾಗಿ ತಿಳಿಸಿದರೆ ಸಾಕು. ವಾದವೂ ಬೇಡ, ಅವರ ಊಟದ ಟೀಕೆಯೂ ಬೇಡ.

ಆದರೆ ವ್ರತದ ಹೆಸರು ರೋಗಕ್ಕೆ ಮರೆಯಾಗಲೂಬಹುದು. ಆದುದರಿಂದ ವ್ರತಿಯು ಆತ್ಮಾಲೋಚನೆ ಮಾಡತಕ್ಕದ್ದು: ಪಾರಣೆಯ ದಿನವೂ ಊಟಕ್ಕೆ ಅಂಜಿಕೆಯೇ? ತೂಕ ಇಳಿದುದಕ್ಕೆ ಹರ್ಷವೇ? ಉಂಡುದಕ್ಕೆ ಪಶ್ಚಾತ್ತಾಪವೇ? ಮನೆಯವರಿಂದ ಮುಚ್ಚುಮರೆಯೇ? ಇವುಗಳಲ್ಲಿ ಒಂದಕ್ಕಾದರೂ ಹೌದೆಂಬ ಉತ್ತರ ಬಂದಲ್ಲಿ ಉಪವಾಸವನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು, ಗುರುಗಳಿಗೂ ನಿವೇದಿಸಬೇಕು. ಅಶಕ್ತರಿಗೆ ಸ್ವಾಧ್ಯಾಯವೂ ತಪಸ್ಸೇ, ಅಂತರಂಗ ತಪಸ್ಸು. ತನ್ನ ದೇಹವನ್ನು ಭಯದಿಂದ ಸವೆಸುವುದು ಸಂಯಮವಲ್ಲ. ಜೊತೆಗಾರರ ಪ್ರಶ್ನೆ ಈ ಪರೀಕ್ಷೆಗೆ ಪ್ರೇರಕವಾದರೆ ಅದನ್ನು ಉಪಕಾರವೆಂದೇ ಎಣಿಸತಕ್ಕದ್ದು.